ಕಲೆಯ ಬಾಳುವೆಗೆ ಗುರುವಿನ ಆಸರೆ



ಕಳೆದ ಶ್ರಾವಣದಲ್ಲಿ ಪುರಾಣ ಮಂಗಲವಾದ ಮರುದಿನ ಜತ್ತ ತಾಲೂಕಿನ ನಮ್ಮ ಭಕ್ತರೊಬ್ಬರು ಮಗನನ್ನು ಕರೆದುಕೊಂಡು ಮಠದ ಕಚೇರಿಗೆ ಬಂದಿದ್ದರು. ಅವರದು ಎಂಟು ಎಕರೆ ಒಣಬೇಸಾಯ, ಅದರಲ್ಲಿ ಎರಡು ಎಕರೆಗೆ ದಾಳಿಂಬೆ ಹಾಕಿದ್ದಾರೆ. ಹುಡುಗನಿಗೆ ಹದಿನಾರು ವರ್ಷ. ಊರ ಭಜನಾ ಸಂಘದಲ್ಲಿ ಹಾರ್ಮೋನಿಯಂ ಬಾರಿಸುತ್ತಾನೆ, ಹಾಡುತ್ತಾನೆ. ಪುರಾಣದ ದಿನಗಳಲ್ಲಿ ಅವನ ಹಾಡು ಕೇಳಿದವರೆಲ್ಲ ತಂದೆಗೆ ಒಂದೇ ಮಾತು ಹೇಳಿದ್ದರಂತೆ, "ಇವನನ್ನು ಸಂಗೀತಕ್ಕೆ ಹಾಕ್ರಿ" ಎಂದು. ಹೇಳುವವರು ಹೇಳಿ ಊಟ ಮಾಡಿ ಹೋದರು. ಲೆಕ್ಕ ಹಾಕಬೇಕಾದವರು ತಂದೆ.

ಅವರು ಕೇಳಿದ್ದು ನೇರವಾಗಿತ್ತು. "ಐ.ಟಿ.ಐ.ಗೆ ಹಾಕಿದರೆ ಎರಡು ವರ್ಷಕ್ಕೆ ಕೈಗೊಂದು ಕೆಲಸ ಬರುತ್ತದೆ. ಗುರುವಿನ ಹತ್ತಿರ ಹಾಕಿದರೆ ಎಷ್ಟು ವರ್ಷಕ್ಕೆ ಏನು ಬರುತ್ತದೆ? ಹುಡುಗ ಮೊಬೈಲ್ ನೋಡಿಯೇ ಇಷ್ಟೆಲ್ಲ ಕಲಿತಿದ್ದಾನೆ. ಅದರಲ್ಲೇ ಇನ್ನಷ್ಟು ಕಲಿತರೆ ಆಗುವುದಿಲ್ಲವೇ? ಗುರು ಯಾತಕ್ಕೆ ಬೇಕು?"

ಆ ದಿನ ನಾವು ಸರಿಯಾದ ಉತ್ತರ ಕೊಡಲಿಲ್ಲ. ದಾಸೋಹದ ಪಾತ್ರೆಗಳ ಲೆಕ್ಕ ತೆಗೆದುಕೊಳ್ಳುವ ಗಡಿಬಿಡಿಯಲ್ಲಿದ್ದೆವು. "ವಿಚಾರ ಮಾಡಿ ಹೇಳುತ್ತೇವೆ" ಎಂದೆವು. ಆಮೇಲೆ ಇದೇ ಪ್ರಶ್ನೆಯನ್ನು ಅಕ್ಕಲಕೋಟೆ ಕಡೆಯ ಒಬ್ಬ ವ್ಯಾಪಾರಸ್ಥರು ಚಿತ್ರ ಬರೆಯುವ ಮಗಳ ವಿಷಯದಲ್ಲಿ ಕೇಳಿದರು. ಆದೋನಿಯಿಂದ ಬಂದ ಇನ್ನೊಬ್ಬರು ಫೋಟೋ ತೆಗೆಯುವ ತಮ್ಮನ ವಿಷಯದಲ್ಲಿ ಕೇಳಿದರು. ಆದ್ದರಿಂದ ಈ ಸಂಚಿಕೆಯ ಪಾಠವನ್ನು ಇದಕ್ಕೇ ಇಟ್ಟಿದ್ದೇವೆ. ನಾವು ಸಂಗೀತ ಬಲ್ಲವರಲ್ಲ, ವಾಣಿಜ್ಯ ಓದಿದವರು. ನಮಗೆ ತಿಳಿದದ್ದು ಜಮೆ ಖರ್ಚು. ಆದರೂ ನಮ್ಮ ನಾಡಿನಲ್ಲಿಯೇ, ನಮ್ಮ ಮಠಮಾನ್ಯಗಳ ನೆರಳಿನಲ್ಲಿಯೇ ನಡೆದುಹೋದ ಒಂದು ದೊಡ್ಡ ಉದಾಹರಣೆ ಇರುವಾಗ ಬೇರೆ ಕಡೆ ಹುಡುಕುವ ಕಾರಣವಿಲ್ಲ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಂದು ಕೂಸು ಹುಟ್ಟಿತು. ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿಲ್ಲ. ಅಣ್ಣ ಗುರುಬಸಯ್ಯನಿಗೂ ಕಣ್ಣಿಲ್ಲ. ಆ ಕಾಲದ ಹಳ್ಳಿಯ ಬಡ ಜಂಗಮ ಮನೆಯಲ್ಲಿ ಇಬ್ಬರು ಕುರುಡು ಮಕ್ಕಳೆಂದರೆ ತಂದೆತಾಯಿಗಳ ಸಂಕಟ ಎಷ್ಟಿತ್ತೆಂಬುದನ್ನು ನಾವು ಊಹಿಸಬಹುದು. ಮಕ್ಕಳಿಗೆ ಕಂಠ ಮಾತ್ರ ಚೆನ್ನಾಗಿತ್ತು. ಕಂಠ ಚೆನ್ನಾಗಿದ್ದ ಕುರುಡ ಮಕ್ಕಳಿಗೆ ಆಗ ಇದ್ದ ದಾರಿ ಒಂದೇ, ಸಂತೆ ಜಾತ್ರೆಗಳಲ್ಲಿ ಹಾಡಿ ಕಾಳು ಬೇಡುವುದು.

ಈ ಮಕ್ಕಳ ಮೇಲೆ ಹಾನಗಲ್ಲ ವಿರಕ್ತಮಠದ ಕುಮಾರ ಮಹಾಸ್ವಾಮಿಗಳವರ ದೃಷ್ಟಿ ಬಿದ್ದಿತು. 1904ರಲ್ಲಿ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದ ಮಹಾನುಭಾವರು ಅವರೇ. ಇಬ್ಬರು ಹುಡುಗರನ್ನೂ ಪೂಜ್ಯರು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಈ ಇಬ್ಬರಲ್ಲಿ ಕಿರಿಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ಹೆಸರಾದವರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾರ್ಗದರ್ಶಕನೆಂದರೆ ಆ ವಿದ್ಯೆಯನ್ನು ಬಲ್ಲವನೇ ಆಗಿರಬೇಕೆಂದು ನಾವು ತಿಳಿದಿರುತ್ತೇವೆ. ಕುಮಾರಸ್ವಾಮಿಗಳು ಹುಡುಗನಿಗೆ ರಾಗ ತಾಳ ಹೇಳಿಕೊಟ್ಟು ಗವಾಯಿ ಮಾಡಿದವರಲ್ಲ. ಅವರು ಮಾಡಿದ್ದು ಬೇರೆ ಕೆಲಸ. ಹುಡುಗನಲ್ಲಿ ಏನಿದೆ ಎಂಬುದನ್ನು ಗುರುತಿಸಿದರು. ಅದಕ್ಕೆ ತಕ್ಕ ಗುರು ಎಲ್ಲಿದ್ದಾರೆಂದು ವಿಚಾರಿಸಿದರು. ಕರ್ನಾಟಕ ಸಂಗೀತಕ್ಕಾಗಿ ಮೈಸೂರಿಗೆ ಕಳಿಸಿದರು. ಆಮೇಲೆ ಹಿಂದೂಸ್ತಾನಿ ಸಂಗೀತಕ್ಕೆ ಮಿರಜಿನ ನೀಲಕಂಠಬುವಾ ಆಲೂರಮಠ ಅವರಲ್ಲಿ ಪಾಠವಾಗುವಂತಾಯಿತು. ಧಾರವಾಡ ಸೀಮೆಯ ಕಣ್ಣಿಲ್ಲದ ಹುಡುಗನನ್ನು ಆ ಕಾಲದಲ್ಲಿ ಮೈಸೂರಿಗೆ ಕಳಿಸುವುದೆಂದರೆ ಗಾಡಿ, ರೈಲು, ಇರಲು ಮನೆ, ಉಣ್ಣಲು ಅನ್ನ, ಕೈಹಿಡಿದು ನಡೆಸುವ ಒಬ್ಬ ಮನುಷ್ಯ, ಇಷ್ಟನ್ನೂ ಒದಗಿಸಬೇಕು. ಅದೂ ವರ್ಷಗಟ್ಟಲೆ. ತಿರುಗಿ ಏನು ಬರುತ್ತದೆಂಬ ಖಾತ್ರಿಯಿಲ್ಲ. ನಮ್ಮ ಬಿ.ಕಾಂ. ಪುಸ್ತಕದ ಪ್ರಕಾರ ಇದು ಬಂಡವಾಳವೂ ಅಲ್ಲ, ಸಾಲವೂ ಅಲ್ಲ. ಯಾವ ಲೆಕ್ಕಪರಿಶೋಧಕರೂ ಮೆಚ್ಚುವ ಬಾಬಲ್ಲ.

ಇದನ್ನು ಓದುವ ಅನೇಕರು ಸಂಗೀತಗಾರರೂ ಅಲ್ಲ, ಚಿತ್ರಕಾರರೂ ಅಲ್ಲ. ಆದರೆ ಊರಲ್ಲಿ ಕಂಠವಿರುವ ಹುಡುಗ, ಕೈಯಲ್ಲಿ ಗೆರೆ ಇರುವ ಹುಡುಗಿ ಕಣ್ಣಿಗೆ ಬೀಳುವುದು ಮೊದಲು ನಿಮಗೆ. ಆಮೇಲಿನ ಗುರು ಆಮೇಲೆ.

ಮಿರಜಿನ ಮಾತು ಬಂದದ್ದರಿಂದ ಒಂದು ವಿಷಯ ಹೇಳಿಬಿಡುತ್ತೇವೆ. ಗಡಿಭಾಗದ ನಮ್ಮ ಜನರಿಗೆ ಮಿರಜ ಎಂದರೆ ರೈಲು ಜಂಕ್ಷನ್ ಮತ್ತು ದೊಡ್ಡ ಆಸ್ಪತ್ರೆ. ಆದರೆ ಕನ್ನಡ ನಾಡಿನ ಹಿಂದೂಸ್ತಾನಿ ಸಂಗೀತದ ಅರ್ಧ ಬೇರು ಆ ಊರಲ್ಲಿದೆ. ಗ್ವಾಲಿಯರ ಪದ್ಧತಿಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರ ಅಲ್ಲಿ ಪಾಠ ಹೇಳಿದರು. ನೀಲಕಂಠಬುವಾ ಅವರ ಶಿಷ್ಯರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅಲ್ಲಿಯೇ. ತಂಬೂರಿ ಸಿತಾರಗಳನ್ನು ಮಾಡುವ ಮನೆತನಗಳು ಒಂದೂವರೆ ಶತಮಾನದಿಂದ ಅಲ್ಲಿವೆ. ಆ ತಂಬೂರಿಯ ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿ ಬೆಳೆಯುವುದು ನಮ್ಮ ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಡೆ ಕಡೆಯ ಹೊಲಗಳಲ್ಲಿ. ಅದು ತಿನ್ನುವ ಸೋರೆಯಲ್ಲ, ಕಹಿ. ಬಳ್ಳಿಯಲ್ಲಿಯೇ ಬಲಿಯಬೇಕು, ಆಮೇಲೆ ಒಣಗಬೇಕು. ಅವಸರ ಮಾಡಿ ಹಸಿ ಕಾಯಿ ಕಿತ್ತರೆ ವಾದ್ಯಕ್ಕೆ ಬಾರದು. ಈ ಮಿರಜ ತಂಬೂರಿ ಸಿತಾರಗಳಿಗೆ 2024ರಲ್ಲಿ ಸರಕಾರದ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಪಂಚಾಕ್ಷರಿ ಗವಾಯಿಗಳು ಎರಡೂ ಪದ್ಧತಿಯ ಸಂಗೀತವನ್ನು ಕರಗತ ಮಾಡಿಕೊಂಡ ಮೇಲೆ ಏನು ಮಾಡಿದರು? ಅರಸರ ಆಸ್ಥಾನ ಹುಡುಕಿಕೊಂಡು ಹೋಗಲಿಲ್ಲ. ತಮ್ಮಂಥ ಮಕ್ಕಳನ್ನು, ಕಣ್ಣಿಲ್ಲದವರನ್ನು, ತಂದೆತಾಯಿ ಇಲ್ಲದವರನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಶಾಲೆ ನಡೆಸಿದರು. ಶಾಲೆಗೆ ಕಟ್ಟಡವಿಲ್ಲ. ಊರಿಂದ ಊರಿಗೆ ಶಾಲೆಯೇ ನಡೆಯುವುದು. ಯಾವ ಊರಲ್ಲಿ ಜೋಳದ ರೊಟ್ಟಿ ಸಿಕ್ಕಿತೋ ಆ ಊರಲ್ಲಿ ಪಾಠ. ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರೆಂಬ ದಾನಿಗಳ ಔದಾರ್ಯದಿಂದ ನೆಲೆ ಸಿಕ್ಕಿ ವೀರೇಶ್ವರ ಪುಣ್ಯಾಶ್ರಮವಾಯಿತು. ವ್ಯಾಪಾರಿಗಳು ಕೊಟ್ಟ ಜಾಗ, ರೈತರು ಕೊಟ್ಟ ಕಾಳು, ಇವೆರಡರ ಮೇಲೆ ಆ ವಿದ್ಯೆ ನಿಂತಿತೆಂಬುದನ್ನು ನಮ್ಮ ಓದುಗರು ನೆನಪಿಡಬೇಕು.

ಈಗ ನಮಗೆ ಬಹಳ ಇಷ್ಟವಾದ ಪ್ರಸಂಗಕ್ಕೆ ಬರುತ್ತೇವೆ. ಧಾರವಾಡ ಸೀಮೆಯ ಯಲಿವಾಳ ಗ್ರಾಮದ ಬಸವರಾಜ ರಾಜಗುರು ಎಳೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ. ತಂದೆ ಸಂಗೀತ ಬಲ್ಲವರಾಗಿದ್ದರು. ಹುಡುಗನ ಕಂಠ ಕೇಳಿ ಪಂಚಾಕ್ಷರಿ ಗವಾಯಿಗಳು ಶಿಷ್ಯನನ್ನಾಗಿ ಸ್ವೀಕರಿಸಿದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವ ನಡೆಯಿತು. ನಾಡಿನ ಮೂಲೆ ಮೂಲೆಯಿಂದ ಜನ ಕೂಡಿದ್ದರು. ಅಲ್ಲಿ ಇನ್ನೂ ಇಪ್ಪತ್ತು ತುಂಬದ ಈ ಶಿಷ್ಯನ ಮೊದಲ ಕಛೇರಿ. ಪಕ್ಕದಲ್ಲಿ ತಬಲಾ ಹಿಡಿದು ಕುಳಿತವರು ಯಾರು? ಸ್ವತಃ ಪಂಚಾಕ್ಷರಿ ಗವಾಯಿಗಳು.

ಸಭೆ ಗವಾಯಿಗಳ ಹೆಸರು ಬಲ್ಲ ಸಭೆ. ಗುರುವೇ ನಡುವೆ ಕುಳಿತು ಹಾಡಿ, ಹುಡುಗನನ್ನು ಹಿಂದೆ ತಂಬೂರಿಗೆ ಕೂಡಿಸಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಹಾಗೆ ಮಾಡುವುದೇ ರೂಢಿ. ಅವರು ತಮ್ಮ ಜಾಗವನ್ನು ಶಿಷ್ಯನಿಗೆ ಕೊಟ್ಟು ತಾವು ಪಕ್ಕವಾದ್ಯದ ಜಾಗಕ್ಕೆ ಸರಿದರು. ಇದರಿಂದ ಹುಡುಗನಿಗೆ ಎರಡು ಲಾಭ. ತಾಳ ತಪ್ಪಿದರೆ ಹಿಡಿದುಕೊಳ್ಳುವ ಕೈ ತನ್ನ ಗುರುವಿನದೇ ಎಂಬ ಧೈರ್ಯ ಒಂದು. ಗುರುವೇ ಸಾಥಿಗೆ ಕುಳಿತ ಹುಡುಗನೆಂದರೆ ಇವನಲ್ಲಿ ಏನೋ ಇದೆ ಎಂದು ಸಭೆ ಕಿವಿಗೊಡುವುದು ಇನ್ನೊಂದು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಹಳೆಯ ಪೇಢಿಯವರು ಹೊಸ ಪೇಢಿಗೆ ಜಾಮೀನು ನಿಂತಂತೆ. ಪಾಠ ಹೇಳುವ ಗುರುಗಳು ಬೇಕಾದಷ್ಟು ಜನ ಸಿಗುತ್ತಾರೆ. ಜಾಮೀನು ನಿಲ್ಲುವವರು ಕಡಿಮೆ. ಮೊಬೈಲಿನಲ್ಲಿ ಪಾಠ ಸಿಗುತ್ತದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ, ಅಲ್ಲಿಯ ಪಾಠ ಎಷ್ಟೋ ಸಲ ಒಳ್ಳೆಯದೇ ಇರುತ್ತದೆ. ಜಾಮೀನು ಮಾತ್ರ ಸಿಗುವುದಿಲ್ಲ. ಹುಡುಗ ತಪ್ಪು ಹಾಡಿದರೆ ಅದು "ಅಲ್ಲ" ಎನ್ನುವುದೂ ಇಲ್ಲ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದರು. ಆಮೇಲೆ ರಾಜಗುರು ಅವರು ಗುರು ಹೋದರೆಂದು ಸುಮ್ಮನೆ ಕೂಡಲಿಲ್ಲ. ಸವಾಯಿ ಗಂಧರ್ವರು, ಸುರೇಶಬಾಬು ಮಾನೆ ಮುಂತಾದ ಅನೇಕರಲ್ಲಿ ಹೋಗಿ ಕಲಿತರು. ಒಂದೊಂದು ಕಡೆ ಒಂದೊಂದು. ನಮ್ಮಲ್ಲಿ ಕೆಲವರು ಇದನ್ನು ಗುರುದ್ರೋಹವೆಂಬಂತೆ ಮಾತಾಡುತ್ತಾರೆ. "ಒಬ್ಬ ಗುರುವಿಗೆ ನಿಷ್ಠೆ ಇರಬೇಕು" ಎನ್ನುತ್ತಾರೆ. ದೀಕ್ಷೆಯ ಗುರುವಿನ ಮಾತು ಬೇರೆ. ವಿದ್ಯೆಯ ಗುರುವಿನ ಮಾತು ಬೇರೆ. ಎರಡನ್ನೂ ಕಲಸಬಾರದೆಂಬುದು ನಮ್ಮ ಅಭಿಪ್ರಾಯ. ರಾಜಗುರು ಅವರಿಗೆ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಬಂದವು. ಅವರನ್ನು ಎಲ್ಲರೂ ಗುರುತಿಸಿದ್ದು ಪಂಚಾಕ್ಷರಿ ಗವಾಯಿಗಳ ಶಿಷ್ಯರೆಂದೇ.

ಇದಕ್ಕಿಂತ ದೊಡ್ಡ ದೃಷ್ಟಾಂತ ಮಲ್ಲಿಕಾರ್ಜುನ ಮನಸೂರ ಅವರದು. ಧಾರವಾಡದ ಹತ್ತಿರದ ಮನಸೂರಿನ ರೈತ ಮನೆತನದ ಹುಡುಗ, ಅಣ್ಣನ ಜೊತೆ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದ. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ನಾಟಕದಲ್ಲಿ ಇವನ ಹಾಡು ಕೇಳಿ ಮಿರಜಿನ ಅದೇ ನೀಲಕಂಠಬುವಾ ಅವರು ಶಿಷ್ಯನನ್ನಾಗಿ ಕರೆದುಕೊಂಡರು. ಅಲ್ಲಿ ಆರು ವರ್ಷಗಳಷ್ಟು ಕಾಲ ಗ್ವಾಲಿಯರ ಪದ್ಧತಿಯ ಕಟ್ಟುನಿಟ್ಟಾದ ಪಾಠ. ಹೊರಬಂದ ಮೇಲೆ ಕಛೇರಿಗಳಾದವು, ಗ್ರಾಮಫೋನ್ ತಟ್ಟೆಗಳಾದವು, ಹೆಸರು ಬಂತು. ಹೆಸರು ಬಂದ ಮೇಲೆ ನಮ್ಮ ನಿಮ್ಮಂಥವರಾಗಿದ್ದರೆ ಅಂಗಡಿ ವಿಸ್ತಾರ ಮಾಡುತ್ತಿದ್ದೆವು. ಮನಸೂರರು ಮತ್ತೆ ವಿದ್ಯಾರ್ಥಿಯಾದರು. ಜಯಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಮೊದಲಿನಿಂದ ಕುಳಿತರು. ಗ್ವಾಲಿಯರದ ದಾರಿ ಬೇರೆ, ಜಯಪುರದ ದಾರಿ ಬೇರೆ. ಕಲಿತದ್ದನ್ನು ಪಕ್ಕಕ್ಕಿಟ್ಟು ಮತ್ತೆ ಕಲಿಯುವುದು ಎಷ್ಟು ಕಷ್ಟವೆಂಬುದು ಒಂದು ಪದ್ಧತಿಯ ಲೆಕ್ಕ ಬರೆದು ಇನ್ನೊಂದಕ್ಕೆ ಬದಲಾದವರಿಗೆ ಗೊತ್ತು. ನಾವು ಕೈಬರಹದ ಖಾತೆಪುಸ್ತಕದಿಂದ ಕಂಪ್ಯೂಟರಿಗೆ ಹೋಗುವಾಗ ಒಂದು ವರ್ಷ ಒದ್ದಾಡಿದ್ದೇವೆ.

ಮಂಜೀಖಾನರು 1937ರಲ್ಲಿ ತೀರಿಕೊಂಡರು. ಪಾಠ ಕೆಲವೇ ಕಾಲ ನಡೆದಿತ್ತು. ಆಮೇಲೆ ಅವರ ತಮ್ಮ ಬುರ್ಜಿಖಾನರಲ್ಲಿ ಮುಂದುವರಿಯಿತು. ಒಬ್ಬ ಜಂಗಮ ಗುರು, ಇಬ್ಬರು ಮುಸಲ್ಮಾನ ಉಸ್ತಾದರು, ಮುಂದೆ ಕುಳಿತವರು ಲಿಂಗಾಯತ ಶಿಷ್ಯರು. ಯಾರಿಗೂ ಅಡ್ಡಿಯಾಗಲಿಲ್ಲ. ಇದೇ ಮನಸೂರರು ಶರಣರ ವಚನಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. 1992ರಲ್ಲಿ ಪದ್ಮವಿಭೂಷಣ ಬಂದಿತು, ಅದೇ ವರ್ಷ ಸಪ್ಟೆಂಬರಿನಲ್ಲಿ ಲಿಂಗೈಕ್ಯರಾದರು. "ನನ್ನ ರಸಯಾತ್ರೆ" ಎಂಬ ಅವರ ಆತ್ಮಕಥೆಯನ್ನು ಓದಲು ಬಲ್ಲ ಭಕ್ತರು ತಪ್ಪದೆ ಓದಬೇಕು.

ಭಾಷೆಯ ಪ್ರಶ್ನೆಯೂ ಇದರಲ್ಲಿಯೇ ಬರುತ್ತದೆ. ಜತ್ತ, ಅಕ್ಕಲಕೋಟೆಯ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಆದೋನಿ, ರಾಯದುರ್ಗದ ಮಕ್ಕಳಿಗೆ ತೆಲುಗು. ಗುರು ಯಾವ ಭಾಷೆಯವರಾಗಿದ್ದರೂ ಹಿಂಜರಿಯುವುದು ಬೇಡ. ಕುಂದಗೋಳದ ರಾಮಚಂದ್ರ ಎಂಬ ಕನ್ನಡ ಹುಡುಗ ಮಿರಜಿನಲ್ಲಿ ಅಬ್ದುಲ್ ಕರೀಂ ಖಾನರ ಬಳಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಸವಾಯಿ ಗಂಧರ್ವನಾದ. ಎರಡು ಭಾಷೆಯ ಮಧ್ಯೆ ಬೆಳೆದದ್ದನ್ನು ನಾವು ಕೊರತೆಯೆಂದು ಹೇಳಿಕೊಳ್ಳುತ್ತೇವೆ. ಕಲೆಯಲ್ಲಿ ಅದು ಎರಡು ಬಾಗಿಲು.

ಸವಾಯಿ ಗಂಧರ್ವರ ಹೆಸರು ಬಂದ ಮೇಲೆ ಭೀಮಸೇನ ಜೋಶಿಯವರ ಕಥೆ ಬಿಡುವಂತಿಲ್ಲ. ಗದಗಿನ ಹುಡುಗ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿಹೋದ. ಗ್ವಾಲಿಯರ ಮೊದಲಾದ ಊರು ತಿರುಗಿ ಪಂಜಾಬಿನ ಜಾಲಂಧರದವರೆಗೂ ಹೋದ. ಅಲ್ಲಿ ವಿನಾಯಕರಾವ ಪಟವರ್ಧನ ಎಂಬ ಮಿರಜಿನ ಗಾಯಕರು ಸಿಕ್ಕು, "ಇಷ್ಟು ದೂರ ಯಾಕೆ ಬಂದೆ, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿ ಹೋಗು" ಎಂಬ ಅರ್ಥದ ಬುದ್ಧಿ ಹೇಳಿದರು. ಗದಗಿನಿಂದ ಕುಂದಗೋಳ ಅರ್ಧ ದಿನದ ದಾರಿಯೂ ಅಲ್ಲ. ಪಟವರ್ಧನರೂ ದೊಡ್ಡ ಗುರುಗಳೇ. "ನನ್ನ ಹತ್ತಿರ ಬಾ" ಎನ್ನಬಹುದಾಗಿತ್ತು. ತನ್ನ ಗಿರಾಕಿಯನ್ನು ಇನ್ನೊಂದು ಅಂಗಡಿಗೆ ಕಳಿಸುವವರನ್ನು ನಾವು ಪೇಟೆಯಲ್ಲಿ ಕಂಡದ್ದು ಕಡಿಮೆ.

ಭೀಮಸೇನರು 1936ರಲ್ಲಿ ಕುಂದಗೋಳಕ್ಕೆ ಬಂದು ಗುರುವಿನ ಮನೆಯಲ್ಲಿದ್ದು ಕಲಿತರು. ಬಾವಿಯಿಂದ ನೀರು ಹೊತ್ತರು, ಮನೆಗೆಲಸ ಮಾಡಿದರು. ಅದೇ ಗುರುಗಳಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲ ಅವರು ರೈಲಿನಲ್ಲಿ ಹೋಗಿ ಬಂದು ಪಾಠ ಹೇಳಿಸಿಕೊಂಡರು. ಒಬ್ಬರು ಮನೆಯಲ್ಲಿದ್ದು, ಇನ್ನೊಬ್ಬರು ದಿನವೂ ಹೋಗಿ ಬಂದು. ಎರಡರಿಂದಲೂ ವಿದ್ಯೆ ಬಂತು. ಮಗಳನ್ನು ಬೇರೆ ಊರಲ್ಲಿ ಇಡುವುದು ಹೇಗೆಂದು ಚಿಂತಿಸುವ ತಂದೆತಾಯಿಗಳು ಗಂಗೂಬಾಯಿಯವರ ರೈಲನ್ನು ನೆನೆಯಬೇಕು. ಭೀಮಸೇನರು ಗುರುವಿನ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ಸಂಗೀತೋತ್ಸವ ನಡೆಸಿ, ಅದರ ವೇದಿಕೆಯನ್ನು ಎಷ್ಟೋ ಹೊಸಬರಿಗೆ ಕೊಟ್ಟರು.

ನೀರು ಹೊರುವ ವಿಷಯದಲ್ಲಿ ಒಂದು ಮಾತು. ನೀರು ಹೊತ್ತರೆ ಸಂಗೀತ ಬರುತ್ತದೆಂದು ಯಾರೂ ತಿಳಿಯಬಾರದು. ಭೀಮಸೇನರು ನೀರು ಹೊತ್ತದ್ದೂ ಹೌದು, ಪಾಠ ಸಿಕ್ಕದ್ದೂ ಹೌದು. ನೀರು ಮಾತ್ರ ಹೊರಿಸಿ ಪಾಠ ಕೊಡದ ಗುರುಗಳೂ ಇದ್ದಾರೆ. ಇದು ನಮ್ಮ ಸ್ವಂತ ಅನುಭವ. ಪದವಿ ಮುಗಿಸಿದ ಹೊಸದರಲ್ಲಿ ನಾವು ಒಂದು ಅಡತಿ ಅಂಗಡಿಯಲ್ಲಿ ದಿವಾಣಜಿಯವರ ಕೈಕೆಳಗೆ ಲೆಕ್ಕ ಕಲಿಯಲು ಸೇರಿದ್ದೆವು. ಮೂರು ವರ್ಷ ಪಟ್ಟಿ ಬರೆದೆವು, ಚೀಲ ಎಣಿಸಿದೆವು, ಚಹಾ ತಂದೆವು. ವರ್ಷದ ಕೊನೆಗೆ ಖಾತೆ ಮುಚ್ಚುವ ದಿನ ಬಂತೆಂದರೆ ದಿವಾಣಜಿಯವರು ನಮ್ಮನ್ನು ಯಾವುದೋ ಹಳ್ಳಿಗೆ ವಸೂಲಿಗೆ ಕಳಿಸುತ್ತಿದ್ದರು. ಮೂರು ವರ್ಷವೂ ಹಾಗೆಯೇ. ಕಲಿತರೆ ತಮ್ಮ ಜಾಗಕ್ಕೆ ಬಂದುಬಿಡುತ್ತಾನೆಂಬ ಭಯ. ಪುಸ್ತಕದಲ್ಲಿ ಓದಿದ್ದ ವಿದ್ಯೆ ಕೈಗೆ ಬಾರದೆ ಉಳಿಯಿತು. ಆಮೇಲೆ ಮಠಕ್ಕೆ ಬಂದಾಗ ಆಗಿನ ಹಿರಿಯ ಕಾರ್ಯದರ್ಶಿಗಳು ಮೊದಲ ವರ್ಷವೇ ಮಾರ್ಚ್ ತಿಂಗಳಲ್ಲಿ ಪುಸ್ತಕವನ್ನು ನಮ್ಮ ಮುಂದಿಟ್ಟು, "ನೀನೇ ಮುಚ್ಚು, ತಪ್ಪಾದರೆ ನಾನಿದ್ದೇನೆ" ಎಂದರು. ತಪ್ಪಾಯಿತು. ಒಂಬತ್ತು ನೂರು ರೂಪಾಯಿ ಎರಡೂ ಕಡೆ ಜಮೆಯಾಗಿತ್ತು. ಎರಡು ರಾತ್ರಿ ಹುಡುಕಿದೆವು. ಅವರು ಪಕ್ಕದಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರೇ ಹೊರತು ಎಲ್ಲಿದೆ ಎಂದು ಹೇಳಲಿಲ್ಲ. ಅವರಿಗೆ ಮೊದಲ ದಿನವೇ ಕಂಡಿತ್ತೆಂದು ಆಮೇಲೆ ತಿಳಿಯಿತು.

ಕುಸ್ತಿಯ ಉಸ್ತಾದರು ಕೊನೆಯ ಒಂದು ಪಟ್ಟನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಾರೆಂದು ನಮ್ಮ ಕಡೆ ಹೇಳುತ್ತಾರೆ. ಗುರುವನ್ನು ಆರಿಸುವಾಗ ಇದನ್ನೇ ಮೊದಲು ವಿಚಾರಿಸಬೇಕೆಂದು ನಮಗನಿಸುತ್ತದೆ. ಹೇಗೆ ವಿಚಾರಿಸುವುದು? ಅವರ ಹಿಂದಿನ ಶಿಷ್ಯರು ಈಗ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕೇಳಿ. ಹತ್ತು ವರ್ಷದಿಂದ ಅದೇ ಶಿಷ್ಯರು ಅದೇ ಗುರುವಿನ ಹಿಂದೆ ಚೀಲ ಹಿಡಿದು ತಿರುಗುತ್ತಿದ್ದರೆ ಅನುಮಾನಿಸಬೇಕು. ಶಿಷ್ಯ ದುಡಿದ ಸಂಭಾವನೆ ಯಾರ ಕೈಗೆ ಹೋಗುತ್ತದೆಂಬುದನ್ನೂ ನಾಚಿಕೆಯಿಲ್ಲದೆ ಕೇಳಬೇಕು. ಕೈಮಾಡುವವರಲ್ಲಿ, ಮಕ್ಕಳನ್ನು ಒಬ್ಬಂಟಿಯಾಗಿ ಇರಿಸಿಕೊಳ್ಳಲು ಹಟ ಹಿಡಿಯುವವರಲ್ಲಿ ಬಿಡಲೇಬಾರದು. ಗುರುವೆಂಬ ಹೆಸರಿಗೆ ಅಂಜಿ ಸುಮ್ಮನಿರಬಾರದು.

ಪುಣ್ಯಾಶ್ರಮದ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಪಂಚಾಕ್ಷರಿ ಗವಾಯಿಗಳ ತರುವಾಯ ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನಲ್ಲಿಯೇ ಹುಟ್ಟಿದವರು. ಎಳೆತನದಲ್ಲಿಯೇ ಕಣ್ಣು ಹೋಯಿತು, ಸೋದರಮಾವನ ಮನೆಯಲ್ಲಿ ಬೆಳೆದರು. ಮಾವನ ಹಾರ್ಮೋನಿಯಂ ಮೇಲೆ ಕೂಸು ಬೆರಳಾಡಿಸುವುದನ್ನು ಕಂಡು ಮಾವನೇ ಗವಾಯಿಗಳ ಬಳಿಗೆ ಒಯ್ದುಬಿಟ್ಟರು. ನೋಡಿ, ಇಲ್ಲಿಯೂ ಮೊದಲು ಗುರುತಿಸಿದವರು ಮನೆಯವರು. ಹೊಣೆ ಬಂದಾಗ ಅವರಿಗೆ ಮೂವತ್ತು ವರ್ಷ. ಅಲ್ಲಿಂದ 2010ರ ಸಪ್ಟೆಂಬರ್ 17ರಂದು ಲಿಂಗೈಕ್ಯರಾಗುವವರೆಗೆ 66 ವರ್ಷ ಅದನ್ನು ನಡೆಸಿದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಎಲ್ಲದರಲ್ಲಿಯೂ ಕೈಯಿತ್ತು.

ನೂರಾರು ಮಕ್ಕಳ ಅನ್ನಕ್ಕೆ ದುಡ್ಡು ಎಲ್ಲಿಂದ ಬರಬೇಕು? ಅವರು ನಾಟಕ ಸಂಘ ಕಟ್ಟಿದರು. ತಾವೇ ನಾಟಕ ಬರೆದು, ಊರೂರಿಗೆ ಆಡಿಸಿ, ಬಂದ ಹಣವನ್ನು ಆಶ್ರಮಕ್ಕೆ ಹಾಕಿದರು. ಭಕ್ತರು ತುಲಾಭಾರ ಮಾಡಿದ್ದೂ ಮಕ್ಕಳ ಪಾಲಿಗೇ ಹೋಯಿತು. ಗುರು ಶಿಷ್ಯನಿಂದ ಎಷ್ಟು ಕೇಳುತ್ತಾನೆಂದು ನಾವು ಲೆಕ್ಕ ಹಾಕುತ್ತೇವೆ. ಇಲ್ಲಿ ಗುರುವೇ ಶಿಷ್ಯರಿಗಾಗಿ ದುಡಿದಿದ್ದಾನೆ.

ಆ ಅನ್ನ ಉಂಡವರಲ್ಲಿ ಒಬ್ಬರು ಬಳ್ಳಾರಿ ಸೀಮೆಯ ವೆಂಕಟೇಶಕುಮಾರ. ತೊಗಲುಗೊಂಬೆ ಆಡಿಸುವ ಬಡ ಮನೆತನ. ಗೊಂಬೆಯಾಟದ ದೊಡ್ಡ ಕಲಾವಿದರಾದ ಸೋದರಮಾವ ಬೆಳಗಲ್ಲು ವೀರಣ್ಣನವರು ಬಾಲಕನನ್ನು ಗದಗಿಗೆ ತಂದು ಬಿಟ್ಟರು. ಹನ್ನೆರಡು ವರ್ಷಗಳಷ್ಟು ಕಾಲ ಪುಟ್ಟರಾಜ ಗವಾಯಿಗಳ ಬಳಿ ಪಾಠ. ಅದಾದ ಮೇಲೆ ಕೂಡಲೇ ಹೆಸರು ಬಂತೇ ಎಂದರೆ ಇಲ್ಲ. ಉಡುಪಿಯಲ್ಲಿ ದೀರ್ಘಕಾಲ ಸಂಗೀತದ ಅಧ್ಯಾಪಕರಾಗಿ ಸಂಸಾರ ನಡೆಸಿದರು. ದೇಶದ ದೊಡ್ಡ ವೇದಿಕೆಗಳು ಅವರನ್ನು ಕರೆದದ್ದು ತಡವಾಗಿ, ಪದ್ಮಶ್ರೀ ಬಂದದ್ದು 2016ರಲ್ಲಿ.

ಜತ್ತದ ತಂದೆಯವರ "ಎಷ್ಟು ವರ್ಷಕ್ಕೆ ಏನು ಬರುತ್ತದೆ" ಎಂಬ ಪ್ರಶ್ನೆಗೆ ನಾವು ಕೊಡಬಹುದಾದ ಪ್ರಾಮಾಣಿಕ ಉತ್ತರ ಇದೇ. ಹತ್ತು ವರ್ಷ ಪಾಠ, ಆಮೇಲೆ ಅಧ್ಯಾಪಕ ವೃತ್ತಿಯಂಥ ಒಂದು ಊರುಗೋಲು, ಅದರ ಮೇಲೆ ಹೆಸರು ಬಂದರೆ ಬಂತು. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂದ ಮೇಲೆ ಎಷ್ಟೋ ಕಲಾವಿದರ ಒಲೆ ಉರಿಯಿತು. ಮನಸೂರರೂ ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಇಂದು ಶಾಲೆಗಳಿವೆ, ಪರೀಕ್ಷೆಗಳಿವೆ, ಪಕ್ಕವಾದ್ಯಕ್ಕೆ ಬೇಡಿಕೆಯಿದೆ. ಒಳ್ಳೆಯ ಗುರು ಶಿಷ್ಯನಿಗೆ ರಾಗದ ಜೊತೆಗೆ ಈ ಹೊಟ್ಟೆಪಾಡಿನ ದಾರಿಗಳನ್ನೂ ತೋರಿಸುತ್ತಾನೆ. ಹೊಲವನ್ನು ಮಾರಿ ಕಲಿಸುವುದು ಬೇಡ. ಹುಡುಗ ಹತ್ತನೆಯ ತರಗತಿಗೆ ಓದು ಬಿಡುವುದೂ ಬೇಡ. ಫೋಟೋ ತೆಗೆಯುವ ಆದೋನಿಯ ತಮ್ಮನಿಗೂ ಇದೇ ಮಾತು. ಒಳ್ಳೆಯ ಸ್ಟುಡಿಯೋದಲ್ಲಿ ಎರಡು ವರ್ಷ ಕಡಿಮೆ ಸಂಬಳಕ್ಕೆ ನಿಲ್ಲಲಿ, ಆದರೆ ಕ್ಯಾಮರಾ ಕೈಗೆ ಕೊಡುವವರ ಬಳಿಯೇ ನಿಲ್ಲಲಿ. ಚಿತ್ರ ಬರೆಯುವ ಮಗಳ ವಿಷಯದಲ್ಲಿ ಅಕ್ಕಲಕೋಟೆಯವರು ಸೊಲ್ಲಾಪುರದ ಚಿತ್ರಕಲಾ ಶಿಕ್ಷಕರೊಬ್ಬರನ್ನು ಕಂಡು ಬಂದಿದ್ದಾರೆ. ಮಗಳು ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

ಜತ್ತದ ಹುಡುಗನೂ ಈಗ ಕಾಲೇಜು ಓದುತ್ತಲೇ ಪಕ್ಕದ ತಾಲೂಕಿನ ಗುರುಗಳೊಬ್ಬರ ಬಳಿಗೆ ಶನಿವಾರ ಸಂಜೆ ಹೋಗಿ ಭಾನುವಾರ ಬರುತ್ತಾನೆ. ತಿಂಗಳಿಗೆ ಇಷ್ಟೆಂದು ಹಣ, ಸುಗ್ಗಿಗೆ ಒಂದು ಕ್ವಿಂಟಲ್ ಜೋಳ. ಮೂರು ತಿಂಗಳಾಯಿತು, ಗುರುಗಳು ಭೂಪಾಲಿ ಬಿಟ್ಟು ಮುಂದೆ ಹೋಗಿಲ್ಲವಂತೆ. ಒಂದು ವರ್ಷ ಸಭೆಯಲ್ಲಿ ಹಾಡಕೂಡದೆಂದೂ ಕಟ್ಟು ಹಾಕಿದ್ದಾರೆ. ತಂದೆಯವರಿಗೆ ಇದು ಸಮಾಧಾನವಿಲ್ಲ. "ಮೊದಲೇ ಚೆನ್ನಾಗಿ ಹಾಡುತ್ತಿದ್ದ, ಈಗ ಮನೆಯಲ್ಲಿ ಬರೀ ಆ ಆ ಎನ್ನುತ್ತಾನೆ" ಎಂದು ಕಳೆದ ಅಮಾವಾಸ್ಯೆಗೆ ಬಂದಾಗ ನಮ್ಮ ಮೇಲೆಯೇ ಸಿಟ್ಟು ಮಾಡಿದರು. ಬರುವ ಜಾತ್ರೆಯಲ್ಲಿ ಹುಡುಗನನ್ನು ಹಾಡಿಸಬೇಕೆಂದು ಅವರೂರಿನ ಹಿರಿಯರು ಮಠಕ್ಕೆ ಪತ್ರ ಬರೆದಿದ್ದಾರೆ. ಗುರುಗಳನ್ನು ಕೇಳಿದೆವು, ಒಪ್ಪಲಿಲ್ಲ. ಈ ಸಲದ ಜಾತ್ರೆಯ ಕಾರ್ಯಕ್ರಮ ಪಟ್ಟಿಯಲ್ಲಿ ಅವನ ಹೆಸರು ಹಾಕಿಲ್ಲ. ಊರ ಹಿರಿಯರು ಬೇಸರ ಮಾಡಿಕೊಳ್ಳಬಾರದೆಂದು ವಿನಂತಿ.